ತಿಳಿನೀರು ಯಾರಿಗಾಗಿ?

ಕ್ಯಾಲಿಫೋರ್ನಿಯದ ಮಾಂಟೆರೆ ಬೇ ಅಕ್ವೇರಿಯಂ ಸಮುದ್ರದ ದಡದ ಮೇಲೆಯೇ ಇದೆ. ಹಿಂದೆ ಅಲ್ಲಿ ಬೂತಾಯಿ ಜಾತಿಯ ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆಯಿತ್ತು. ಅದು ಮುಚ್ಚಿದ ಮೇಲೆ ಅದೇ ಜಾಗದಲ್ಲಿ 1984ರಲ್ಲಿ ಅಕ್ವೇರಿಯಂ ತೆರೆಯಿತು. ಕೊಲ್ಲಿಯಿಂದ ನಿಮಿಷಕ್ಕೆ ಸುಮಾರು 7,500 ಲೀಟರ್ ನೀರೆಳೆಯುವ ಪಂಪುಗಳಿವೆ. ಹಗಲು ಹೊತ್ತು ಈ ನೀರನ್ನು ಸೋಸಿ ಟ್ಯಾಂಕುಗಳಿಗೆ ಬಿಡುತ್ತಾರೆ. ರಾತ್ರಿ, ಜನರೆಲ್ಲ ಹೋದ ಮೇಲೆ, ಸೋಸುವುದನ್ನು ನಿಲ್ಲಿಸಿ ಕೊಲ್ಲಿಯ ನೀರನ್ನು ಇದ್ದ ಹಾಗೆಯೇ ಒಳಕ್ಕೆ ಹರಿಸುತ್ತಾರೆ. ಅದರ ಜೊತೆ ಪ್ಲಾಂಕ್ಟನ್ ಎಂಬ ತೇಲುವ ಸೂಕ್ಷ್ಮಜೀವಿಗಳು, ಮೊಟ್ಟೆ, ಮರಿಹುಳು, ಪಾಚಿಯ ಬೀಜಕಣ ಎಲ್ಲ ಬರುತ್ತವೆ. ಬಂಡೆಗೆ ಅಂಟಿಕೊಂಡು ಬದುಕುವ ಸ್ಪಂಜು, ಬಾರ್ನಕಲ್, ಅನಿಮೊನೆಗಳಿಗೆ ಅದೇ ಊಟ. ಅಲ್ಲಿ ಕಾಣುವ ಎಷ್ಟೋ ಜೀವಿಗಳನ್ನು ಯಾರೂ ತಂದು ಬಿಟ್ಟದ್ದಲ್ಲ, ಪೈಪಿನಲ್ಲಿ ಬಂದು ತಾವೇ ನೆಲೆಯೂರಿದಂಥವು. ಬೆಳಗಾಗುವ ಹೊತ್ತಿಗೆ ಮತ್ತೆ ಫಿಲ್ಟರ್ ಶುರು, ಬಾಗಿಲು ತೆರೆಯುವಾಗ ನೀರು ತಿಳಿ.

ಅಂದರೆ ಆ ತಿಳಿ ನಮಗಾಗಿ. ಮೀನು ಅದನ್ನು ಕೇಳಿಲ್ಲ. ಯಾವ ಊರಿನ ಅಕ್ವೇರಿಯಂಗೆ ಹೋದರೂ ಇದೊಂದನ್ನು ನೆನಪಿಟ್ಟುಕೊಂಡರೆ ನೋಡುವ ಬಗೆಯೇ ಬದಲಾಗುತ್ತದೆ. ಗಾಜಿನಾಚೆ ಎರಡು ಬೇರೆ ಬೇರೆ ಕೆಲಸ ನಡೆಯುತ್ತಿರುತ್ತವೆ: ನೀರನ್ನು ಕಣ್ಣಿಗೆ ಚೆನ್ನಾಗಿಡುವುದು ಒಂದು, ಕಿವಿರಿಗೆ ಚೆನ್ನಾಗಿಡುವುದು ಇನ್ನೊಂದು. ಬಹಳ ಸಲ ಎರಡೂ ಒಟ್ಟಿಗೆ ಸಾಗುತ್ತವೆ. ಕೆಲವೊಮ್ಮೆ ಮೊದಲನೆಯದಕ್ಕಾಗಿ ಮಾಡಿದ್ದು ಎರಡನೆಯದಕ್ಕೆ ಅಡ್ಡ ಬರುತ್ತದೆ.

ಮಾಂಟೆರೆಯಲ್ಲಿ ಮೂರಂತಸ್ತಿನ ಎತ್ತರದ ಕೆಲ್ಪ್ ಟ್ಯಾಂಕೊಂದಿದೆ. 8.5 ಮೀಟರ್ ಆಳ, ಸುಮಾರು 13 ಲಕ್ಷ ಲೀಟರ್ ನೀರು, ಮೇಲ್ಗಡೆ ಬಿಸಿಲಿಗೆ ತೆರೆದ ಬಾಯಿ. ಕೆಲ್ಪ್ ಎನ್ನುವುದು ಮರದಷ್ಟು ಎತ್ತರ ಬೆಳೆಯುವ ಕಂದು ಕಡಲಪಾಚಿ. ಅದಕ್ಕೆ ಬೇರಿನಿಂದ ಊಟವಿಲ್ಲ, ಎಲೆಯಂಥ ಹಾಳೆಗಳ ಮೇಲೆ ನೀರು ಓಡಾಡುತ್ತಿದ್ದರೆ ಮಾತ್ರ ಪೋಷಕಾಂಶ ಸಿಗುತ್ತದೆ. ನಿಂತ ನೀರಿನಲ್ಲಿ ಕೊಳೆಯುತ್ತದೆ. ಅದಕ್ಕೆಂದೇ ನೀರನ್ನು ಹಿಂದಕ್ಕೂ ಮುಂದಕ್ಕೂ ತೂಗುವ ಯಂತ್ರವೊಂದನ್ನು ಕೂರಿಸಿದ್ದಾರೆ. ಅದನ್ನು ರೂಪಿಸುವುದರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯ ಡೇವಿಡ್ ಪ್ಯಾಕರ್ಡ್ ಸ್ವತಃ ಕೈ ಹಾಕಿದ್ದರು. ಆ ಟ್ಯಾಂಕಿನ ಮುಂದೆ ನಿಂತವರು ಚಿರತೆಶಾರ್ಕನ್ನು ಹುಡುಕುತ್ತಾರೆ. ಮೊದಲು ನೋಡಬೇಕಾದ್ದು ಕೆಲ್ಪಿನ ತೂಗಾಟವನ್ನು. ಅದು ನಿಂತರೆ ಉಳಿದದ್ದೆಲ್ಲ ನಿಲ್ಲುತ್ತದೆ.

ದಡದಲ್ಲಿದ್ದರೆ ಸಮುದ್ರ ಪೈಪಿನಲ್ಲೇ ಬರುತ್ತದೆ. ಒಳನಾಡಿನಲ್ಲಿ ಸಮುದ್ರವನ್ನು ಕಲಸಿ ಮಾಡಬೇಕು. ಅಟ್ಲಾಂಟಾ ನಗರದ ಜಾರ್ಜಿಯ ಅಕ್ವೇರಿಯಂನಲ್ಲಿ ತಿಮಿಂಗಿಲ ಶಾರ್ಕುಗಳಿರುವ ಟ್ಯಾಂಕಿಗೆ ಸುಮಾರು 2.4 ಕೋಟಿ ಲೀಟರ್ ನೀರು. ಲೀಟರಿಗೆ 35 ಗ್ರಾಂ ಲೆಕ್ಕ ಹಾಕಿದರೆ 800 ಟನ್ನಿಗೂ ಹೆಚ್ಚು ಉಪ್ಪು. ಅಡುಗೆ ಉಪ್ಪು ಇದಕ್ಕೆ ಬರುವುದಿಲ್ಲ. ಕಡಲನೀರಿನಲ್ಲಿ ಸೋಡಿಯಂ ಕ್ಲೋರೈಡಿನ ಜೊತೆ ಮೆಗ್ನೀಸಿಯಂ, ಸಲ್ಫೇಟ್, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಬೈಕಾರ್ಬೊನೇಟ್ ಗೊತ್ತಾದ ಪ್ರಮಾಣದಲ್ಲಿರುತ್ತವೆ, ಅವಿಲ್ಲದೆ ಹವಳ ಒಂದು ವಾರವೂ ತಾಳದು. ಕಲಸುವುದಕ್ಕೂ ಕ್ರಮವಿದೆ. ಮೊದಲು ನೀರು ತುಂಬಿ, ಪಂಪು ಓಡಿಸಿ, ಆಮೇಲೆ ಉಪ್ಪನ್ನು ಸ್ವಲ್ಪ ಸ್ವಲ್ಪವೇ ಸುರಿಯಬೇಕು. ಉಪ್ಪು ಹಾಕಿ ಅದರ ಮೇಲೆ ನೀರು ಬಿಟ್ಟರೆ, ಮೊದಲು ಸೇರುವ ಕೊಂಚ ನೀರಿನಲ್ಲಿ ಸಾಂದ್ರತೆ ವಿಪರೀತವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್ ಬಿಳಿ ಗಸಿಯಾಗಿ ತಳಕ್ಕಿಳಿಯುತ್ತದೆ, ಮತ್ತೆ ಕರಗುವುದಿಲ್ಲ. ಒಂದು ದಿನ ಗಾಳಿಯಾಡಿಸಿ, 25 ಡಿಗ್ರಿಯಲ್ಲಿ ಸಾಪೇಕ್ಷ ಸಾಂದ್ರತೆ (ಅಷ್ಟೇ ಸಿಹಿನೀರಿಗೆ ಹೋಲಿಸಿದ ತೂಕ) 1.025ರ ಆಸುಪಾಸು ಬಂದಿದೆಯೇ ನೋಡಿ ಬಳಸುತ್ತಾರೆ. ಆವಿಯಾಗಿ ಹೋಗುವುದು ಬರೀ ನೀರು. ಉಪ್ಪು ಅಲ್ಲೇ ಉಳಿಯುತ್ತದೆ. ಆದ್ದರಿಂದ ದಿನಾ ಕಡಿಮೆಯಾದಷ್ಟನ್ನು ಸಿಹಿನೀರಿನಿಂದಲೇ ತುಂಬಬೇಕು. ಇಲ್ಲಿ ಉಪ್ಪುನೀರು ಸುರಿದು ತಿಂಗಳೊಪ್ಪತ್ತಿನಲ್ಲಿ ಟ್ಯಾಂಕನ್ನು ಉಪ್ಪಿನಕಾಯಿ ಮಾಡುವುದು ಹೊಸಬರು ಎಲ್ಲ ಕಡೆಯೂ ಮಾಡುವ ತಪ್ಪು.

ಬೆಂಗಳೂರಿನ ಕಬ್ಬನ್ ಪಾರ್ಕಿನ ಅಂಚಿನಲ್ಲಿರುವ ಸರ್ಕಾರಿ ಅಕ್ವೇರಿಯಂ 1983ರಿಂದ ಮುಖ್ಯವಾಗಿ ಸಿಹಿನೀರಿನ ಮೀನುಗಳನ್ನೇ ಇಟ್ಟುಕೊಂಡು ಬಂದಿದ್ದರೆ ಅದನ್ನು ಬಡತನ ಎಂದು ನೋಡಬೇಕಿಲ್ಲ. ಸಮುದ್ರ ಸುಮಾರು ಮುನ್ನೂರು ಕಿಲೋಮೀಟರ್ ದೂರ. ಸಿಹಿನೀರು ಸುಲಭವೆಂದೂ ತಿಳಿಯಬೇಡಿ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಒಂದು ಮಿಲಿಗ್ರಾಂ ಕ್ಲೋರಿನ್ನಿಗೆ ಏಳು ಮಿಲಿಗ್ರಾಂ ಸೋಡಿಯಂ ಥಯೋಸಲ್ಫೇಟ್ ಹಾಕಿ ಅದನ್ನು ಕೊಲ್ಲಬೇಕು. ಕೊಳವೆಬಾವಿಯ ನೀರಿನ ಕಷ್ಟವೇ ಬೇರೆ: ಆಳದಿಂದ ಬಂದಾಗ ಆಮ್ಲಜನಕ ಇರುವುದೇ ಇಲ್ಲವೆನ್ನಬಹುದು, ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ಒಂದಿಡೀ ದಿನ ಗಾಳಿಯಾಡಿಸದೆ ಬಿಟ್ಟರೆ ಮೀನು ಉಸಿರುಗಟ್ಟುತ್ತದೆ. ನೋಡಲು ಆ ನೀರು ಮಾತ್ರ ಪನ್ನೀರಿನಂತೆ.

ಸಿಹಿನೀರಿನ ಮೀನಿಗೂ ಕಡಲ ಮೀನಿಗೂ ಇರುವ ವ್ಯತ್ಯಾಸ ಬಣ್ಣದ್ದಲ್ಲ, ಮೂತ್ರಪಿಂಡದ್ದು. ನದಿಯ ಮೀನಿನ ರಕ್ತದಲ್ಲಿ ಹೊರಗಿನ ನೀರಿಗಿಂತ ಹೆಚ್ಚು ಉಪ್ಪಿದೆ; ಚರ್ಮ, ಕಿವಿರುಗಳ ಮೂಲಕ ನೀರು ಸದಾ ಒಳಕ್ಕೆ ನುಗ್ಗುತ್ತದೆ. ಅದು ನೀರು ಕುಡಿಯುವುದಿಲ್ಲವೆಂದೇ ಹೇಳಬಹುದು, ಸುಮ್ಮನೆ ಮೂತ್ರ ಹೊಯ್ಯುತ್ತಲೇ ಇರುತ್ತದೆ. ಕಡಲ ಮೀನಿನ ರಕ್ತದ ಉಪ್ಪು ಸಮುದ್ರದ್ದರ ಮೂರನೇ ಒಂದು ಭಾಗ ಮಾತ್ರ. ಅದರ ಮೈಯಿಂದ ನೀರು ಹೊರಕ್ಕೆ ಸೋರುತ್ತದೆ. ಹಾಗಾಗಿ ಸಮುದ್ರವನ್ನು ಕುಡಿಯುತ್ತದೆ, ಹೆಚ್ಚಿನ ಉಪ್ಪನ್ನು ಕಿವಿರಿನ ವಿಶೇಷ ಕೋಶಗಳಿಂದ ಹೊರಗಟ್ಟುತ್ತದೆ. ಶಾರ್ಕ್ ಮತ್ತು ಚಪ್ಪಟೆ ಮೈಯ ತೊರಕೆ ಮೀನುಗಳ ದಾರಿ ಮೂರನೆಯದು: ನಾವು ಕಸವೆಂದು ಚೆಲ್ಲುವ ಯೂರಿಯಾವನ್ನು ಅವು ರಕ್ತದಲ್ಲೇ ಉಳಿಸಿಕೊಂಡು ಸಮುದ್ರಕ್ಕೆ ಸರಿಸಾಟಿಯಾಗುತ್ತವೆ.

ಪರದೆಯ ಹಿಂದಿನ ಎಷ್ಟೋ ಕೆಲಸಗಳಿಗೆ ಇದೇ ಬುಡ. ಹೊಸದಾಗಿ ಬಂದ ಕಡಲ ಮೀನಿನ ಮೈಯಲ್ಲಿ ಪರೋಪಜೀವಿ ಇದ್ದರೆ ಅದನ್ನು ಮೂರರಿಂದ ಐದು ನಿಮಿಷ ಸಿಹಿನೀರಿನಲ್ಲಿ ಅದ್ದುತ್ತಾರೆ. ಮೀನು ತಾಳಿಕೊಳ್ಳುತ್ತದೆ, ಪುಟ್ಟ ಪರೋಪಜೀವಿ ನೀರು ಕುಡಿದು ಒಡೆದುಹೋಗುತ್ತದೆ. ಉಷ್ಣತೆಯನ್ನೂ ಪಿಎಚ್ (ಆಮ್ಲ, ಕ್ಷಾರದ ಅಳತೆ) ಅನ್ನೂ ಮೊದಲೇ ಸರಿಹೊಂದಿಸದಿದ್ದರೆ ಸಾಯುವುದು ಮೀನು. ಬಿಳಿಚುಕ್ಕಿ ರೋಗಕ್ಕೆ ಲೀಟರಿಗೆ 0.15ರಿಂದ 0.2 ಮಿಲಿಗ್ರಾಂ ತಾಮ್ರ, ಮೂರು ನಾಲ್ಕು ವಾರ ಕೊಡುವುದುಂಟು. ಅಷ್ಟೇ ತಾಮ್ರ ಸಿಗಡಿ, ಹವಳ, ಅನಿಮೊನೆಗಳಿಗೆ ಮಾರಕ, ತೊರಕೆಗೂ ಅಪಾಯ. ಹೀಗಾಗಿ ಚಿಕಿತ್ಸೆಯನ್ನು ಪ್ರದರ್ಶನದ ಟ್ಯಾಂಕಿನಲ್ಲಿ ಮಾಡುವಂತಿಲ್ಲ, ಬಂದ ಪ್ರತಿ ಮೀನೂ ತಿಂಗಳ ಮಟ್ಟಿಗೆ ಬೇರೆ ಕೋಣೆಯಲ್ಲಿ ಕಾಯಬೇಕು. ಒಳ್ಳೆಯ ಅಕ್ವೇರಿಯಂನಲ್ಲಿ ಜನ ನೋಡದ ಟ್ಯಾಂಕುಗಳ ಸಂಖ್ಯೆ ಸಣ್ಣದಿರುವುದಿಲ್ಲ.

ಇನ್ನು ಅಮೋನಿಯ. ಮೀನಿನ ಕಿವಿರಿನಿಂದ ಸದಾ ಹೊರಬರುವ ವಿಷ. ಬಣ್ಣವಿಲ್ಲ, ನೀರನ್ನು ಕದಡುವುದಿಲ್ಲ. ಫಿಲ್ಟರಿನೊಳಗೆ ಕಲ್ಲು, ಮರಳು, ಪ್ಲಾಸ್ಟಿಕ್ ತುಣುಕುಗಳಿಗೆ ಅಂಟಿಕೊಂಡ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟ್ ಮಾಡುತ್ತವೆ, ಬೇರೆ ಕೆಲವು ಅದನ್ನು ನೈಟ್ರೇಟ್ ಮಾಡುತ್ತವೆ. ಹೊಸ ಟ್ಯಾಂಕಿನಲ್ಲಿ ಈ ಬ್ಯಾಕ್ಟೀರಿಯಗಳ ಊರು ಕಟ್ಟಲು ನಾಲ್ಕರಿಂದ ಆರು ವಾರ ಬೇಕು. ಉದ್ಘಾಟನೆಗೆ ಮಂತ್ರಿಗಳು ದಿನಾಂಕ ಕೊಟ್ಟಿದ್ದಾರೆಂದು ನಾಳೆಯೇ ಮೀನು ಬಿಟ್ಟರೆ, ಕನ್ನಡಿಯಂಥ ನೀರಿನಲ್ಲಿ ಮೀನು ಸಾಲಾಗಿ ಸಾಯುತ್ತದೆ. ಒಂದೇ ಪ್ರಮಾಣದ ಅಮೋನಿಯ ಎರಡು ಕಡೆ ಒಂದೇ ಅಲ್ಲ: ಪಿಎಚ್ 7 ಇರುವ ಸಿಹಿನೀರಿನಲ್ಲಿ ಅದರ ನೂರು ಪಾಲಿನಲ್ಲಿ ಅರ್ಧ ಪಾಲು ಮಾತ್ರ ನಿಜವಾದ ವಿಷರೂಪದಲ್ಲಿರುತ್ತದೆ, ಪಿಎಚ್ 8.2ರ ಕಡಲ ನೀರಿನಲ್ಲಿ ಆರೇಳು ಪಾಲು. ನೈಟ್ರೈಟ್ ವಿಚಾರದಲ್ಲಿ ಇದು ತಿರುವುಮುರುವು. ಸಿಹಿನೀರಿನ ಮೀನು ಕ್ಲೋರೈಡನ್ನು ಹೀರುವ ದಾರಿಯಲ್ಲೇ ನೈಟ್ರೈಟನ್ನೂ ಹೀರಿ, ರಕ್ತ ಕಂದಾಗಿ, ಆಮ್ಲಜನಕವಿದ್ದರೂ ಉಸಿರುಗಟ್ಟುತ್ತದೆ. ಸಮುದ್ರದಲ್ಲಿ ಕ್ಲೋರೈಡ್ ಎಷ್ಟಿದೆಯೆಂದರೆ ನೈಟ್ರೈಟಿಗೆ ಒಳಹೋಗಲು ಜಾಗ ಸಿಗುವುದಿಲ್ಲ.

ಸಮುದ್ರದ ಟ್ಯಾಂಕುಗಳ ಹಿಂದೆ ಎತ್ತರದ ಕೊಳವೆಯೊಂದರಲ್ಲಿ ನೊರೆ ಉಕ್ಕುತ್ತಿರುತ್ತದೆ, ಪ್ರೋಟೀನ್ ಸ್ಕಿಮ್ಮರ್. ಸಣ್ಣ ಗುಳ್ಳೆಗಳ ಮೈಗೆ ಪ್ರೋಟೀನ್, ಜಿಡ್ಡು ಅಂಟಿಕೊಂಡು ಮೇಲೆ ಕಂದು ನೊರೆಯಾಗಿ ಬೀಳುತ್ತವೆ. ಉಪ್ಪುನೀರಿನಲ್ಲಿ ಗುಳ್ಳೆಗಳು ಒಂದರಲ್ಲೊಂದು ಸೇರಿ ದೊಡ್ಡದಾಗುವುದಿಲ್ಲವಾದ್ದರಿಂದ ಇದು ನಡೆಯುತ್ತದೆ. ಸಿಹಿನೀರಿನಲ್ಲಿ ಅದೇ ಯಂತ್ರ ಕೆಲಸಕ್ಕೆ ಬಾರದು. ಸ್ಕಿಮ್ಮರಿನೊಳಕ್ಕೆ ಓಜೋನ್ ಬಿಡುವುದೂ ಇದೆ. ಓಜೋನ್ ರೋಗಾಣು ಕೊಲ್ಲುತ್ತದೆ, ನೀರಿನ ಹಳದಿ ಛಾಯೆಯನ್ನು ಕಳೆಯುತ್ತದೆ. ಹತ್ತು ಮೀಟರ್ ದೂರದ ಮೀನೂ ಚಿತ್ರದಂತೆ ಕಾಣುವುದಕ್ಕೆ ಅನೇಕ ಕಡೆ ಅದೇ ಕಾರಣ.

ಇಲ್ಲೇ ತಿಳಿನೀರಿನ ಬೆಲೆ ಕಾಣುವುದು. ಓಜೋನ್ ನೀರಿನಲ್ಲಿರುವ ಅಯೊಡೈಡನ್ನು ಅಯೊಡೇಟ್ ಆಗಿ ಬದಲಿಸುತ್ತದೆ. ಆ ರೂಪವನ್ನು ಶಾರ್ಕಿನ ಥೈರಾಯ್ಡ್ ಬಳಸಿಕೊಳ್ಳಲಾರದು. ನೀರು ಬದಲಿಸುವುದು ಕಡಿಮೆಯಿರುವ ಮುಚ್ಚಿದ ವ್ಯವಸ್ಥೆಯಲ್ಲಿ ನೈಟ್ರೇಟ್ ಕೂಡ ಏರುತ್ತಾ ಹೋಗುತ್ತದೆ, ಅದೂ ಅಯೊಡಿನ್ ಹೀರುವುದಕ್ಕೆ ಅಡ್ಡಿ. ಫಲವಾಗಿ ಶಾರ್ಕಿಗೆ ಗಳಗಂಡ. ಮಲೆನಾಡಿನ ಹಳಬರಿಗೆ ಪರಿಚಯವಿದ್ದ ರೋಗ, ಸಮುದ್ರದ ಪ್ರಾಣಿಗೆ, ಉಪ್ಪುನೀರಿನ ನಡುವೆಯೇ. ದವಡೆಯ ಕೆಳಗೆ, ಗಂಟಲಿನ ಮಧ್ಯಭಾಗ ಉಬ್ಬಿದ್ದರೆ ಅದನ್ನೇ ಶಂಕಿಸಬೇಕು. ಮದ್ದು ಅಯೊಡಿನ್ನನ್ನು ಮಾತ್ರೆಯಲ್ಲಿಟ್ಟು ತಿನ್ನಿಸುವುದು, ನೀರಿಗೂ ಅಳೆದು ಸೇರಿಸುವುದು, ಓಜೋನ್ ತಗ್ಗಿಸುವುದು, ಆಮ್ಲಜನಕವಿಲ್ಲದ ಕೋಣೆಗಳಲ್ಲಿ ಬೇರೆ ಬ್ಯಾಕ್ಟೀರಿಯಗಳಿಂದ ನೈಟ್ರೇಟನ್ನು ಸಾರಜನಕ ಅನಿಲವಾಗಿಸಿ ಹೊರಬಿಡುವುದು. ನೀರನ್ನು ತಿಳಿ ಮಾಡಲು ಬಳಸುವ ಇದ್ದಿಲಿನದ್ದೂ ಇಂಥದೇ ಕತೆ. ಸರ್ಜನ್ ಮೀನುಗಳ ಮುಖದ ಮೇಲೂ ಪಕ್ಕೆಯ ಗೆರೆಯುದ್ದಕ್ಕೂ ಚರ್ಮ ಸವೆದು ಗುಳಿ ಬೀಳುವ ಒಂದು ರೋಗವಿದೆ. ಕಾರಣಗಳು ಹಲವು, ಇದ್ದಿಲಿನ ನುಣ್ಣನೆಯ ಪುಡಿಯೂ ಅವುಗಳಲ್ಲಿ ಒಂದೆಂದು ಪ್ರಯೋಗಗಳು ತೋರಿಸಿವೆ.

ಸಿಹಿನೀರಿನ ಕಡೆ ಇದಕ್ಕಿಂತ ದೊಡ್ಡ ಸುಳ್ಳು ನಡೆಯುತ್ತದೆ. ಅಮೆಜಾನಿನ ಉಪನದಿ ರಿಯೊ ನೆಗ್ರೊ ಕೊಳೆತ ಎಲೆಗಳ ಟ್ಯಾನಿನ್ನಿನಿಂದ ಹಾಲಿಲ್ಲದ ಚಹಾದ ಬಣ್ಣದ್ದು, ಪಿಎಚ್ ನಾಲ್ಕೈದರ ಸುಮಾರು. ಕಾರ್ಡಿನಲ್ ಟೆಟ್ರಾ ಎಂಬ ಪುಟ್ಟ ಮೀನಿನ ಮೈಮೇಲಿನ ನೀಲಿ ಗೆರೆ ಹೊಳೆಯುವುದು ಆ ಕತ್ತಲೆ ನೀರಿನಲ್ಲಿ ಒಂದನ್ನೊಂದು ಗುರುತಿಸಲು ಎನ್ನುತ್ತಾರೆ. ಅದನ್ನು ತಂದು ಬಿಳಿ ದೀಪದ ಕೆಳಗೆ, ಬಿಳಿ ಮರಳಿನ ಮೇಲೆ, ತಿಳಿನೀರಿನಲ್ಲಿ ಬಿಟ್ಟರೆ ಬಣ್ಣ ಮಾಸಿ ಮೂಲೆ ಸೇರುತ್ತದೆ. ಕಂದು ನೀರಿಟ್ಟರೆ ನೋಡುವವರಿಗೆ ಟ್ಯಾಂಕ್ ತೊಳೆದಿಲ್ಲವೆಂದು ಅನ್ನಿಸುತ್ತದೆ. ಎಲ್ಲಾದರೂ ಕಂದು ನೀರು, ತಳದಲ್ಲಿ ಒಣ ಎಲೆ, ಮಂದ ಬೆಳಕು ಇರುವ ಟ್ಯಾಂಕ್ ಕಂಡರೆ ಅಲ್ಲಿ ಹೆಚ್ಚು ಹೊತ್ತು ನಿಲ್ಲಿ, ಅಲ್ಲಿನ ಕ್ಯುರೇಟರ್ ಧೈರ್ಯವಂತ. ನಮ್ಮ ನೇತ್ರಾವತಿ, ಕುಮಾರಧಾರಾ ಮಳೆಗಾಲದಲ್ಲಿ ಹೇಗಿರುತ್ತವೆ ಎಂದು ಗೊತ್ತಿರುವವರಿಗೆ ಇದನ್ನು ವಿವರಿಸಬೇಕಿಲ್ಲ.

ಹೋದವರು ಹಾಗಾದರೆ ಏನು ನೋಡಬೇಕು? ನೀರಿನ ಗುಣ ಕಾಣದಿದ್ದರೂ ಅದರ ಗುರುತು ಮೀನಿನ ಮೈಮೇಲಿದೆ. ಕಿವಿರಿನ ಮುಚ್ಚಳ ಎಷ್ಟು ಬೇಗ ಬಡಿಯುತ್ತಿದೆ ನೋಡಿ. ಒಂದೇ ಜಾತಿಯ ಹತ್ತು ಮೀನಿನಲ್ಲಿ ಒಂದು ಮಾತ್ರ ಬೇಗ ಉಸಿರಾಡುತ್ತಿದ್ದರೆ ಅದಕ್ಕೆ ಕಾಯಿಲೆ, ಹತ್ತೂ ಹಾಗೆ ಮಾಡುತ್ತಿದ್ದರೆ ನೀರಿಗೆ. ಎಲ್ಲವೂ ಮೇಲ್ಗಡೆ, ನೀರು ಬೀಳುವಲ್ಲಿ ಗುಂಪುಗಟ್ಟಿದ್ದರೆ ಆಮ್ಲಜನಕ ಸಾಲದು. 25 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ 8.2 ಮಿಲಿಗ್ರಾಂ ಆಮ್ಲಜನಕ ಹಿಡಿದರೆ ಕಡಲನೀರು 6.8ರಷ್ಟೇ ಹಿಡಿಯುತ್ತದೆ, ಕರೆಂಟು ಹೋದಾಗ ಮೊದಲು ಓಡಿಹೋಗಿ ನೋಡುವುದು ಸಮುದ್ರದ ಕಡೆಗೆ. ಕಲ್ಲಿಗೆ ಮೈ ಉಜ್ಜುವುದು ಪರೋಪಜೀವಿಯ ಲಕ್ಷಣ. ಕಣ್ಣೊಳಗೆ ಗುಳ್ಳೆಯಿದ್ದು ಕಣ್ಣು ಹೊರಚಾಚಿದ್ದರೆ ಪಂಪಿನ ಎಳೆಯುವ ಬದಿಯಲ್ಲಿ ಎಲ್ಲೋ ಸೀಳಿರಬಹುದು: ಅಲ್ಲಿಂದ ಹೀರಿದ ಗಾಳಿ ಒತ್ತಡದಲ್ಲಿ ನೀರಿಗೆ ಕರಗಿ, ಮೀನಿನ ರಕ್ತದಲ್ಲಿ ಗುಳ್ಳೆಯಾಗಿ ಹೊರಬರುತ್ತದೆ. ಆದರೆ ಎಲ್ಲ ಮೇಲೇಳುವಿಕೆಯೂ ರೋಗವಲ್ಲ. ಅರಪೈಮ ಎಂಬ ಅಮೆಜಾನಿನ ದೈತ್ಯ ಗಾಳಿಯನ್ನೇ ಉಸಿರಾಡುವ ಮೀನು, ಹತ್ತಿಪ್ಪತ್ತು ನಿಮಿಷಕ್ಕೊಮ್ಮೆ ಮೇಲೆ ಬಂದು ಗುಟುಕರಿಸಿ ಹೋಗುತ್ತದೆ. ಅದರ ಮುಂದೆ ಕಾಲು ಗಂಟೆ ಕೂತರೆ ನಷ್ಟವಿಲ್ಲ. ಶ್ವಾಸಕೋಶವಿರುವ ಲಂಗ್‌ಫಿಶ್ ಇದ್ದರೆ ಅದು ಅಲುಗಾಡದ ದಿಮ್ಮಿಯಂತೆ ಬಿದ್ದಿರುವುದನ್ನು ನೋಡಿ ಬೇಸರಿಸಬೇಡಿ. ಶಿಕಾಗೊದ ಶೆಡ್ ಅಕ್ವೇರಿಯಂನಲ್ಲಿ ಅಂಥದೊಂದು 1933ರಲ್ಲಿ ಬಂದು 2017ರವರೆಗೆ ಬದುಕಿತ್ತು.

ಗಾಜಿನ ಬಗ್ಗೆ ಎರಡು ಮಾತು. ದೊಡ್ಡ ಕಿಟಕಿಗಳು ಗಾಜಲ್ಲ, ಅಕ್ರಿಲಿಕ್. ದಪ್ಪ ಗಾಜು ಹಸಿರಾಗಿ ಕಾಣುತ್ತದೆ, ಅಕ್ರಿಲಿಕ್ ಹಾಗಾಗದು. ಗೀರು ಬಿದ್ದರೆ ಉಜ್ಜಿ ಹೊಳಪು ಕೊಡಬಹುದು. ದಪ್ಪ ಎಷ್ಟಿರಬೇಕೆನ್ನುವುದರಲ್ಲಿ ನೀರಿನ ಒಟ್ಟು ಮೊತ್ತಕ್ಕಿಂತ ಆಳದ ಪಾತ್ರ ದೊಡ್ಡದು: ಹತ್ತು ಮೀಟರ್ ಆಳದಲ್ಲಿ ಚದರ ಮೀಟರಿಗೆ ಹತ್ತು ಟನ್ ಒತ್ತಡ. ಜಪಾನಿನ ಓಕಿನಾವದ ಚುರೌಮಿ ಅಕ್ವೇರಿಯಂನ ಮುಖ್ಯ ಕಿಟಕಿ 22.5 ಮೀಟರ್ ಅಗಲ, 8.2 ಮೀಟರ್ ಎತ್ತರ, 60 ಸೆಂಟಿಮೀಟರ್ ದಪ್ಪ. ಅಕ್ರಿಲಿಕ್ ಅಂದರೆ ಅಭಯವೆಂದಲ್ಲ: ಬರ್ಲಿನ್ನಿನ ಹೋಟೆಲೊಂದರ ನಡುಮನೆಯಲ್ಲಿ ನಿಂತಿದ್ದ, ಹತ್ತು ಲಕ್ಷ ಲೀಟರಿನ ಆಕ್ವಾಡೋಮ್ 2022ರ ಡಿಸೆಂಬರಿನ ಒಂದು ಬೆಳಗಿನ ಜಾವ ಒಡೆದು ನೀರು ರಸ್ತೆಗೆ ನುಗ್ಗಿತು, ಸುಮಾರು 1,500 ಮೀನುಗಳಲ್ಲಿ ಬಹುಪಾಲು ಸತ್ತವು. ಚಪ್ಪಟೆ ಕಿಟಕಿಯಲ್ಲಿ ಮೀನು ಇರುವುದಕ್ಕಿಂತ ಕಾಲುಭಾಗ ಹತ್ತಿರ, ಮೂರನೇ ಒಂದರಷ್ಟು ದೊಡ್ಡದಾಗಿ ಕಾಣುತ್ತದೆ. ಸುರಂಗದ ಬಾಗಿದ ಗೋಡೆಯಲ್ಲಿ ಅದೇ ಮೀನು ಚಿಕ್ಕದು. ಫೋಟೋಗೆ ಲೆನ್ಸನ್ನು ಗೋಡೆಗೆ ನೇರವಾಗಿ ಆನಿಸಿ ಹಿಡಿಯಬೇಕು, ಓರೆಯಿಂದ ತೆಗೆದರೆ ಅಂಚುಗಳಲ್ಲಿ ಬಣ್ಣ ಒಡೆದು ಮಸುಕಾಗುತ್ತದೆ. ಫ್ಲ್ಯಾಷ್ ಹಾಕಿದರೆ ಬರುವುದು ನಿಮ್ಮದೇ ಮುಖ.

ಜೆಲ್ಲಿಮೀನುಗಳ ಟ್ಯಾಂಕ್ ಗುಂಡಗಿರುವುದು ಅಂದಕ್ಕಲ್ಲ. ಅವು ಹರಿವಿಗೆದುರಾಗಿ ಈಜಲಾರವು, ಮೂಲೆಯಿದ್ದರೆ ಅಲ್ಲಿ ಸಿಕ್ಕಿ ಮೈ ಹರಿದುಕೊಳ್ಳುತ್ತವೆ. ನೀರನ್ನು ತೆಳ್ಳಗಿನ ಪದರವಾಗಿ ಬಿಟ್ಟು ನಿಧಾನವಾಗಿ ಸುತ್ತಿಸಿ ಅವನ್ನು ನಡುವೆಯೇ ತೇಲಿಸಿಡುತ್ತಾರೆ. ಆ ಟ್ಯಾಂಕಿನಲ್ಲಿ ಗಾಳಿಗುಳ್ಳೆ ಕಂಡರೆ ಕೆಲಸದವರಿಗೆ ಹೇಳಿ, ಅದು ಕೊಡೆಯೊಳಗೆ ಸಿಕ್ಕಿ ತೂತು ಮಾಡುತ್ತದೆ. ಆಕ್ಟೋಪಸ್ಸಿನ ಟ್ಯಾಂಕಿನ ಮೇಲಂಚಿಗೆ ಪ್ಲಾಸ್ಟಿಕ್ ಹುಲ್ಲು ಅಂಟಿಸಿರುವುದೂ ಅಲಂಕಾರವಲ್ಲ. ಅದರ ಹೀರುಬಟ್ಟಲುಗಳಿಗೆ ಅಲ್ಲಿ ಹಿಡಿತ ಸಿಗದು. ನ್ಯೂಜಿಲೆಂಡಿನ ನೇಪಿಯರಿನಿಂದ 2016ರಲ್ಲಿ ಇಂಕಿ ಎಂಬ ಆಕ್ಟೋಪಸ್ ಟ್ಯಾಂಕಿನಿಂದಿಳಿದು ನೀರು ಹೋಗುವ ಕೊಳವೆಯಲ್ಲಿ ಸಮುದ್ರ ಸೇರಿದ್ದು ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು.

ಮುಟ್ಟಿ ನೋಡುವ ತೊಟ್ಟಿಯಿದ್ದರೆ ಮಕ್ಕಳ ಕೈಯನ್ನು ಬರೀ ನೀರಿನಲ್ಲಿ ತೊಳೆಸಿ. ಸ್ಯಾನಿಟೈಸರ್, ಸನ್‌ಸ್ಕ್ರೀನ್ ಎರಡೂ ಆ ಪ್ರಾಣಿಗಳಿಗೆ ವಿಷ. ಎರಡು ಬೆರಳಲ್ಲಿ ಬೆನ್ನು ಸವರಿದರೆ ಸಾಕು, ನಕ್ಷತ್ರಮೀನನ್ನು ನೀರಿನಿಂದ ಎತ್ತಿ ಫೋಟೋ ತೆಗೆಯುವುದು ಬೇಡ. ಊಟ ಹಾಕುವ ಹೊತ್ತು ಕೇಳಿಕೊಂಡು ಹೋಗಿ, ಅಲ್ಲೂ ಒಂದು ವಿವರ ಗಮನಿಸಿ: ಶಾರ್ಕಿಗೆ ಕೊಡುವ ಮೀನಿನ ಕಿವಿರೊಳಗೆ ಮಾತ್ರೆ ಸಿಕ್ಕಿಸಿರುತ್ತಾರೆ. ಶೈತ್ಯದಲ್ಲಿಟ್ಟ ಮೀನಿನಲ್ಲಿ ಬಿ1 ಜೀವಸತ್ವ ನಾಶವಾಗುತ್ತದೆ, ಕೆಲವು ಜಾತಿಯ ಮೀನಿನಲ್ಲಿ ಅದನ್ನು ಒಡೆಯುವ ಕಿಣ್ವವೇ ಇದೆ. ಮಾತ್ರೆಯಿಲ್ಲದೆ ತಿಂಗಳುಗಟ್ಟಲೆ ತಿನ್ನಿಸಿದರೆ ಹೊಟ್ಟೆ ತುಂಬಿದ ಪ್ರಾಣಿಗೆ ನರದೌರ್ಬಲ್ಯ ಬರುತ್ತದೆ.

ಕನ್ನಡನಾಡಿನಲ್ಲಿ ಗಾಜಿಲ್ಲದ ಅಕ್ವೇರಿಯಂ ಹಿಂದಿನಿಂದಲೂ ಇದೆ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಬಳಿ, ಶಿಶಿಲದಲ್ಲಿ ಕಪಿಲೆಯ ದಡದಲ್ಲಿ ದೇವರ ಮೀನುಗಳು, ಮಹಸೀರ್ ಬಳಗದ ದೊಡ್ಡ ಮೀನುಗಳು. ಹಿಡಿಯಬಾರದೆಂಬ ಕಟ್ಟುಪಾಡು ಅವನ್ನು ಕಾಯ್ದಿದೆ. ಅಲ್ಲಿ ಫಿಲ್ಟರಿನ ಕೆಲಸ ಹೊಳೆಯ ಹರಿವೇ ಮಾಡುತ್ತದೆ. ಬೇಸಿಗೆಯಲ್ಲಿ ಹರಿವು ಇಳಿದು ಮಡು ಮಾತ್ರ ಉಳಿದಾಗ ಸಾವಿರಾರು ಭಕ್ತರು ಮಂಡಕ್ಕಿ ಸುರಿದರೆ, ತಿನ್ನದೆ ಉಳಿದದ್ದು ಕೊಳೆತು ಅಮೋನಿಯವಾಗುವುದು ಟ್ಯಾಂಕಿನಲ್ಲಾಗುವಂತೆಯೇ. ಎಪ್ರಿಲ್‌, ಮೇ ತಿಂಗಳಲ್ಲಿ ಹೋದರೆ ಹಿಡಿ ಮಂಡಕ್ಕಿ ಸಾಕು.

ಸಮಯದ ವಿಷಯ: ಬಾಗಿಲು ತೆರೆದ ಮೊದಲ ಗಂಟೆ ಉತ್ತಮ. ಗಾಜಿನ ಮೇಲೆ ಬೆರಳಚ್ಚು ಇರುವುದಿಲ್ಲ, ಒಳಗೆ ಡೈವರುಗಳು ಪಾಚಿ ಕೆರೆಯುತ್ತಿರುವುದೂ ಸಿಗಬಹುದು. ಸಿಬ್ಬಂದಿಗೆ ಬಿಡುವಿರುವುದೂ ಆಗಲೇ. ಮೀನಿನ ಹೆಸರು ಫಲಕದಲ್ಲಿದೆ, ಅದನ್ನು ಕೇಳಿ ಅವರ ಹೊತ್ತು ಕಳೆಯಬೇಡಿ. ನೀರು ಎಲ್ಲಿಂದ ಬರುತ್ತದೆ, ವಾರಕ್ಕೆ ಎಷ್ಟು ಪಾಲು ಬದಲಿಸುತ್ತೀರಿ, ಇವತ್ತಿನ ನೈಟ್ರೇಟ್ ಎಷ್ಟು, ಹೊಸ ಮೀನನ್ನು ಎಷ್ಟು ದಿನ ಬೇರೆ ಇಡುತ್ತೀರಿ, ಕರೆಂಟು ಹೋದರೆ ಜನರೇಟರ್ ಎಷ್ಟು ನಿಮಿಷದಲ್ಲಿ ಹೊತ್ತಿಕೊಳ್ಳುತ್ತದೆ ಎಂದು ಕೇಳಿ. ಅಂಕಿಗಳನ್ನು ಥಟ್ಟನೆ ಹೇಳುವವರು ಸಿಕ್ಕರೆ ಅವರನ್ನು ಬಿಡಬೇಡಿ. ಜನ ಕಡಿಮೆಯಿದ್ದರೆ ಹಿಂದಿನ ಪಂಪಿನ ಕೋಣೆಯನ್ನು ಅವರೇ ಕರೆದು ತೋರಿಸುವುದುಂಟು, ಟಿಕೆಟಿನ ಹಣಕ್ಕೆ ಅಲ್ಲಿರುವುದೇ ಹೆಚ್ಚು.